ದೂರು ಹೇಳದ ಬಾಡಿಗೆದಾರರು

ನನಗೆ ಎರಡು ಮನೆಗಳಿವೆ. ಡಲ್ಲಾಸ್ ಪಕ್ಕದ ಕಾಪೆಲ್‌ನಲ್ಲಿರುವ ಒಂದರಲ್ಲಿ ಮಲಗುತ್ತೇನೆ. ಗಾರ್ಲಂಡ್‌ನಲ್ಲಿರುವ ಇನ್ನೊಂದನ್ನು ನೆನೆದು ನಿದ್ದೆ ಕೆಡಿಸಿಕೊಳ್ಳುತ್ತೇನೆ. ಅಮೆರಿಕದಲ್ಲಿ ಎರಡು ಮನೆ ಇರುವವನು ಭಾರಿ ಅನುಕೂಲಸ್ಥ ಎಂದು ಮೈಸೂರಿನ ನೆಂಟರು ನಂಬಿದ್ದಾರೆ. ಅವರ ನಂಬಿಕೆಯನ್ನು ಕೆಡಿಸಲು ಮನಸ್ಸಾಗದೆ ಸುಮ್ಮನಿದ್ದೇನೆ. ನಿಮ್ಮ ಹತ್ತಿರ ಮಾತ್ರ ನಿಜ ಹೇಳಬಹುದು: ಚಿಂತೆ ಮಾಡುವ ಸ್ವಭಾವದವನಿಗೆ ಒಂದು ಮನೆ ಧಾರಾಳವಾಗಿ ಸಾಕು. ಎರಡನೆಯದು ದುರಭ್ಯಾಸ.

ಈ ದುರಭ್ಯಾಸ ನನಗೆ ಅಂಟಿದ್ದು ಯುಗಾದಿಯ ಊಟದಲ್ಲಿ. ಆ ವರ್ಷಗಳಲ್ಲಿ ಡಲ್ಲಾಸಿನ ಸುತ್ತಮುತ್ತ ಹಳೆಯ ಸಣ್ಣ ಮನೆಗಳು ಅಗ್ಗದಲ್ಲಿ ಸಿಗುತ್ತಿದ್ದವು. ನಾಲ್ಕು ಜನ ಕನ್ನಡಿಗರು ಸೇರಿದರೆ ಮೊದಲೆಲ್ಲ ವೀಸಾದ ಮಾತು, ಆಮೇಲೆ ಮಕ್ಕಳ ಶಾಲೆಯ ಮಾತು ಬರುತ್ತಿತ್ತು. ಆ ಸಲ ಒಬ್ಬಟ್ಟಿನ ಮೇಲೆ ತುಪ್ಪ ಬೀಳುವುದಕ್ಕೂ ಮೊದಲೇ ಬಾಡಿಗೆ ಮನೆಯ ಮಾತು ಬಿತ್ತು. ಆ ಮಾತನ್ನು ಬಡಿಸಿದವರು ಹಬ್ಬಕ್ಕೆಂದು ಬಂದಿದ್ದ ಪಾಟೀಲರು. ಹುಬ್ಬಳ್ಳಿಯವರು, ಆಸ್ಟಿನ್ ಪಕ್ಕದ ಲಿಯಾಂಡರ್‌ನಲ್ಲಿದ್ದುಕೊಂಡು ಹೂಸ್ಟನ್ನಿನಲ್ಲಿ ಎರಡು, ಆಸ್ಟಿನ್ ಕಡೆ ಎರಡು ಮನೆಗಳನ್ನು ಬಾಡಿಗೆಗೆ ಕೊಟ್ಟು, ರಾತ್ರಿಯೆಲ್ಲ ಗೊರಕೆ ಹೊಡೆಯಬಲ್ಲ ಧೀರರು.

“ಮೂರ್ತಿಯವರ, ನಿಮಗ ಚಂದ ಕಾಣೋ ಮನಿ ತಗೋಬ್ಯಾಡ್ರಿ. ನೀವೇನು ಅಲ್ಲಿ ಇರಾವ್ರಲ್ಲ. ಚಾವಣಿ, ಪಾಯಾ, ಎ.ಸಿ. ಈ ಮೂರು ನೋಡ್ರಿ. ಉಳಿದದ್ದೆಲ್ಲಾ ಬಣ್ಣಾ. ಹೂಸ್ಟನ್ನಾಗ ಆದ್ರ ಗ್ವಾಡೀನೂ ನೋಡ್ರಿ, ಪ್ರವಾಹದ ನೀರು ಎಲ್ಲೀತನಾ ಬಂದಿತ್ತು ಅಂತ ಅದ ಹೇಳ್ತದ,” ಎಂದರು.

ಇಷ್ಟು ಸ್ಪಷ್ಟವಾದ ಉಪದೇಶವನ್ನು ಕೇಳಿಯೂ ನಾವು ಕೊಂಡ ಮನೆಯ ಪಾಯವೇ ಕುಸಿದಿತ್ತು. ಇದು ಅಜ್ಞಾನದಿಂದ ಆದ ತಪ್ಪಲ್ಲ, ಹೆಚ್ಚಿನ ಜ್ಞಾನದಿಂದ ಆದದ್ದು.

ಕೊಳ್ಳುವ ಮೊದಲು ಮನೆ ಪರೀಕ್ಷಿಸಲು ಬಂದವರು ದೊಡ್ಡ ಟೋಪಿಯ, ಸಣ್ಣ ಮಾತಿನ ಹಿರಿಯರೊಬ್ಬರು. ಮನೆಯೆಲ್ಲ ಸುತ್ತಿದ ಮೇಲೆ ಜೇಬಿನಿಂದ ಒಂದು ಗಾಲ್ಫ್ ಚೆಂಡು ತೆಗೆದು ನಡುಮನೆಯ ನೆಲದ ಮೇಲಿಟ್ಟರು. ಚೆಂಡು ಒಂದು ಕ್ಷಣ ಯೋಚಿಸಿತು. ಆಮೇಲೆ ಯಾರ ಅಪ್ಪಣೆಗೂ ಕಾಯದೆ ನಿಧಾನವಾಗಿ ಹೊರಟು, ದೂರದ ಮೂಲೆಗೆ ಹೋಗಿ ನಿಂತಿತು. ಅವರು ನನ್ನ ಮುಖ ನೋಡಿದರು. ನನ್ನ ಹೆಂಡತಿ ಸುಧಾ ಫೋನಿನ ದಿಕ್ಸೂಚಿ ನೋಡಿದಳು.

“ರೀ, ಅದು ಈಶಾನ್ಯ! ಈಶಾನ್ಯ ತಗ್ಗಾಗಿರ್ಬೇಕು ಅಂತ ತಾನೇ ಶಾಸ್ತ್ರ ಹೇಳೋದು? ಬಾಗಿಲೂ ಪೂರ್ವಕ್ಕಿದೆ. ಇನ್ನೇನು ಬೇಕು?”

‘ಈಶಾನ್ಯ ಮೂಲೆಯಲ್ಲಿ ಪಾಯ ಕುಸಿದಿದೆ’ ಎಂದು ಅವರು ವರದಿಯಲ್ಲಿ ಬರೆದರು. ಆ ವಾಕ್ಯದಲ್ಲಿ ನಮಗೆ ಮೊದಲನೆಯ ಎರಡು ಪದಗಳು ಮಾತ್ರ ಕಂಡವು. ದೋಷವೆಂದು ಬರೆದುಕೊಟ್ಟದ್ದನ್ನು ಗುಣವೆಂದು ಓದಿ ಮನೆ ಕೊಂಡವರು ಟೆಕ್ಸಸ್‌ನಲ್ಲಿ ಬಹುಶಃ ನಾವಿಬ್ಬರೇ.

ಮನೆ ಕಟ್ಟುವ ಮುನ್ನ ಒಂದು ಗುಂಡಿ ತೋಡಿ, ತೆಗೆದ ಮಣ್ಣನ್ನು ಮತ್ತೆ ಅದಕ್ಕೇ ತುಂಬಿ ನೋಡಬೇಕೆಂದು ನಮ್ಮ ಹಳೆಯ ವಾಸ್ತುಶಾಸ್ತ್ರ ಹೇಳುತ್ತದೆ. ಮಣ್ಣು ಮಿಕ್ಕಿದರೆ ಶುಭ, ಸಾಲದೆ ಬಂದರೆ ಅಶುಭ. ದಿಕ್ಕು ನೋಡುವುದನ್ನು ಉಳಿಸಿಕೊಂಡ ನಾವು ಮಣ್ಣು ನೋಡುವುದನ್ನು ಮರೆತೆವು. ಇಲ್ಲಿಯ ಕಪ್ಪು ಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಮೇಲೆ ಕೂತ ಮನೆಯೂ ಅದರ ಜೊತೆ ಏರುತ್ತದೆ, ಇಳಿಯುತ್ತದೆ. “ನಮ್ಮ ಕಡೆ ಎರಿ ಮಣ್ಣ ರೀ ಅದು, ಇಲ್ಲೂ ಬೆನ್ನು ಹತ್ತೇತಿ!” ಎಂದು ಪಾಟೀಲರು ಫೋನಿನಲ್ಲೇ ನಕ್ಕರು. ಇದಕ್ಕೆ ಟೆಕ್ಸಸ್‌ನವರ ಮದ್ದು ಎಂದರೆ, ಬೇಸಗೆಯಲ್ಲಿ ಮನೆಯ ಸುತ್ತ ತೂತಿನ ಪೈಪು ಹಾಸಿ ಪಾಯಕ್ಕೆ ನೀರುಣಿಸುವುದು. ಗಿಡಕ್ಕೆ ನೀರು ಹಾಕುವವರನ್ನು ನೋಡಿದ್ದೆ, ದೇವರಿಗೆ ಅಭಿಷೇಕ ಮಾಡುವವರನ್ನು ನೋಡಿದ್ದೆ. ಕೊನೆಗೆ ನಲವತ್ತೇಳರ ವಯಸ್ಸಿನಲ್ಲಿ, ಮನೆಗೆ ನೀರು ಹಾಕುವವನನ್ನು ಕನ್ನಡಿಯಲ್ಲಿ ನೋಡಿದೆ.

ಬಾಡಿಗೆಗೆ ಬಂದವರು ಲೊರೆಟಾ ಎಂಬ ಮಹಿಳೆ ಮತ್ತು ಆಕೆಯ ತಾಯಿ. ಲೊರೆಟಾ ಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದರು. ತಾಯಿಗೆ ಎಂಬತ್ತರ ಸಮೀಪ. ಕೋಲು ಹಿಡಿದು ಪಕ್ಕದ ಬೀದಿಯ ಚರ್ಚಿನವರೆಗೆ ನಡೆಯಬಲ್ಲರು, ಅದಕ್ಕಿಂತ ದೂರ ಆಗದು. ಆ ಚರ್ಚಿನ ಹತ್ತಾರು ಮುದುಕಿಯರೇ ಅವರ ಲೋಕ. ಆ ಬೀದಿ ಬಿಟ್ಟರೆ ಅಮ್ಮ ಮೂಲೆ ಹಿಡಿದುಬಿಡುತ್ತಾರೆ, ಅದಕ್ಕೇ ಈ ಮನೆ ಬೇಕು ಎಂದು ಲೊರೆಟಾ ಮೊದಲ ದಿನವೇ ಹೇಳಿದ್ದರು.

ಒಂದು ವರ್ಷ ಕಳೆಯುತ್ತ ಬಂತು. ಅವರಿಂದ ಒಂದು ಫೋನೂ ಬರಲಿಲ್ಲ. ನಲ್ಲಿ ಸೋರಲಿಲ್ಲ, ಬಲ್ಬು ಹೋಗಲಿಲ್ಲ, ಚಿಲಕ ಸಡಿಲವಾಗಲಿಲ್ಲ. ಪಾಟೀಲರಿಗೆ ಹೇಳಿದರೆ, “ಫೋನ್ ಮಾಡಲಾರದ ಬಾಡಗಿದಾರ್ರು ಅಂದ್ರ ಬಂಗಾರ ರೀ. ಬಿಡಬ್ಯಾಡ್ರಿ,” ಎಂದರು. ಆದರೆ ಚಿಂತೆಗಾರನಿಗೆ ಮೌನವೂ ಒಂದು ಚಿಂತೆಯೇ. ಪಾಯಕ್ಕೆ ನೀರು ಬಿಡುವ ನೆಪ ಹೇಗೂ ಇತ್ತು. ಪ್ರತಿ ಶನಿವಾರ ಗಾರ್ಲಂಡ್‌ಗೆ ಡ್ರೈವ್ ಮಾಡಿಕೊಂಡು ಹೋಗುತ್ತಿದ್ದೆ. ಒಬ್ಬರ ಮನೆಗೆ ಬರಿಗೈಯಲ್ಲಿ ಹೋಗಬಾರದಲ್ಲ, ಒಂದು ಚಿಪ್ಪು ಬಾಳೆಹಣ್ಣು ಒಯ್ಯುತ್ತಿದ್ದೆ. ನೀರು ಬಿಟ್ಟು, ಮನೆಯನ್ನು ಒಂದು ಸುತ್ತು ಬಂದು, ಗೋಡೆಯ ಬಿರುಕುಗಳನ್ನು ಬೆರಳಿನಿಂದ ಮುಟ್ಟಿ, ಯಾವುದು ಎಷ್ಟು ಅಗಲವಾಗಿದೆ ಎಂದು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತಿದ್ದೆ. ಹೊರಡುವಾಗ, “ಎಲ್ಲ ಚೆನ್ನಾಗಿದೆಯಾ?” ಎಂದು ಕೇಳಿದರೆ ಲೊರೆಟಾ ಬಾಗಿಲನ್ನು ಅರ್ಧವೇ ತೆರೆದು, “ಎಲ್ಲ ಚೆನ್ನಾಗಿದೆ, ಮಿಸ್ಟರ್ ಮೂರ್ತಿ,” ಎನ್ನುತ್ತಿದ್ದರು. ಇಂಥ ಕಾಳಜಿಯ ಮಾಲೀಕ ಎಷ್ಟು ಜನಕ್ಕೆ ಸಿಗುತ್ತಾನೆ ಎಂದುಕೊಂಡು ನಾನು ಕಾರು ಹತ್ತುತ್ತಿದ್ದೆ. ನನ್ನ ಬಗ್ಗೆ ನನಗೆ ಅಷ್ಟು ಒಳ್ಳೆಯ ಅಭಿಪ್ರಾಯ ಅದಕ್ಕೆ ಮೊದಲೂ ಇರಲಿಲ್ಲ, ಆಮೇಲೂ ಬರಲಿಲ್ಲ.

ಆಗಸ್ಟಿನ ಒಂದು ಶನಿವಾರ. ಟೆಕ್ಸಸ್‌ನ ಆಗಸ್ಟನ್ನು ಕಾಣದವರಿಗೆ ಹೇಳುವುದು ಹೇಗೆ? ಕಾರಿನ ಸ್ಟಿಯರಿಂಗನ್ನು ಬಿಸಿ ದೋಸೆಯ ಹಾಗೆ ಎರಡು ಬೆರಳಲ್ಲಿ ಹಿಡಿಯಬೇಕಾಗುತ್ತದೆ. ಅಂಥ ಮಧ್ಯಾಹ್ನ ಮೂರಕ್ಕೆ ನನ್ನ ಬಾಡಿಗೆ ಮನೆಯ ಕಿಟಕಿಗಳೆಲ್ಲ ತೆರೆದಿದ್ದವು. ಹಿಂದಕ್ಕೆ ಹೋಗಿ ನೋಡಿದೆ. ಎ.ಸಿ. ಯಂತ್ರ ಸದ್ದಿಲ್ಲದೆ ಕೂತಿತ್ತು.

“ಎ.ಸಿ. ಓಡ್ತಾ ಇಲ್ವಲ್ಲ?” ಎಂದೆ.

“ಅಮ್ಮನಿಗೆ ಹೊರಗಿನ ಗಾಳಿ ಇಷ್ಟ,” ಎಂದರು ಲೊರೆಟಾ, ಅದೇ ಅರ್ಧ ಬಾಗಿಲಿನಿಂದ. ಹಣೆಯಿಂದ ಬೆವರು ಇಳಿಯುತ್ತಿತ್ತು.

ಒಳಗಿನಿಂದ ಮುದುಕಿಯ ದನಿ ಬಂತು: “ಸುಳ್ಳು ಸಾಕು ಮಾಡು, ಹುಡುಗಿ! ಆ ಮನುಷ್ಯನಿಗೆ ಒಳಗೆ ಬಂದು ಕೂತ್ಕೊಳ್ಳೋಕೆ ಹೇಳು. ಅವನು ಮನೆ ಸುತ್ತೋದು ನೋಡಿ ನೋಡಿ ನನ್ನ ಕಾಲು ನೋಯ್ತಿವೆ.”

ತಾಯಿ ಅಡುಗೆಮನೆಯಲ್ಲಿ ಕುರ್ಚಿಯ ಮೇಲಿದ್ದರು. ಎರಡೂ ಕಾಲು ತಣ್ಣೀರಿನ ಬಕೆಟ್ಟಿನಲ್ಲಿ, ತಲೆಯ ಮೇಲೆ ಒದ್ದೆ ಟವೆಲು. ಮಾತು ಗಟ್ಟಿಯಾಗಿದ್ದರೂ ಮುಖ ಬಾಡಿಹೋಗಿತ್ತು. ಎ.ಸಿ. ಕೆಟ್ಟು ನಾಲ್ಕು ದಿನವಾಗಿತ್ತು.

“ನಾಲ್ಕು ದಿನ! ನನಗೆ ಯಾಕೆ ಫೋನ್ ಮಾಡಲಿಲ್ಲ?” ಎಂದೆ. ದನಿ ನನಗೇ ಗೊತ್ತಿಲ್ಲದೆ ಏರಿತ್ತು.

ಲೊರೆಟಾ ತಾಯಿಯ ತಲೆಯ ಮೇಲಿನ ಟವೆಲನ್ನು ತೆಗೆದು ಮತ್ತೆ ಒದ್ದೆ ಮಾಡಿದರು. “ಮುಂದಿನ ತಿಂಗಳು ನಮ್ಮ ಲೀಸ್ ಮುಗಿಯುತ್ತೆ. ನೀವು ವಾರವಾರ ಬರ್ತೀರಿ, ಗೋಡೆ ಮುಟ್ಟಿ ಮುಟ್ಟಿ ಏನೋ ಬರ್ಕೊಳ್ತೀರಿ. ಮನೆ ಮಾರ್ತೀರೇನೋ ಅಂದ್ಕೊಂಡೆ. ಇಂಥ ಹೊತ್ತಲ್ಲಿ ದೊಡ್ಡ ಖರ್ಚು ತಂದಿಟ್ಟರೆ ನಮ್ಮನ್ನ ಖಂಡಿತ ಕಳಿಸಿಬಿಡ್ತೀರಿ ಅನ್ನಿಸಿತು. ಈ ಬೀದಿ ಬಿಟ್ಟು ಅಮ್ಮನ್ನ ಎಲ್ಲಿಗೆ ಕರ್ಕೊಂಡು ಹೋಗ್ಲಿ?”

ಆಕೆ ಆಡಿದ್ದು ಇಂಗ್ಲಿಷಿನಲ್ಲಿ. ನನಗೆ ಕೇಳಿಸಿದ್ದು ಮಾತ್ರ ಮೈಸೂರಿನ ಒಂದು ಬಾಡಿಗೆ ಮನೆಯ ಮಾತು. ನಾನು ಹುಡುಗನಾಗಿದ್ದಾಗ ನಾವು ಕೆಳಗಿದ್ದೆವು, ಮಾಲೀಕರು ಮಹಡಿಯ ಮೇಲೆ. ಒಳ್ಳೆಯ ಮನುಷ್ಯರೇ. ದಿನಕ್ಕೆರಡು ಸಲ ಕೆಳಗಿಳಿದು, ಕೈ ಹಿಂದೆ ಕಟ್ಟಿಕೊಂಡು, “ಎಲ್ಲಾ ಸರಿಯಾಗಿದ್ಯೇನಮ್ಮಾ?” ಎಂದು ವಿಚಾರಿಸುತ್ತಿದ್ದರು. ಮಳೆ ಬಂದಾಗ ನಮ್ಮ ಕೋಣೆಯ ಮೂಲೆಯಲ್ಲಿ ಗೋಡೆಯಿಂದ ನೀರು ಜಿನುಗಿ ತೊಟ್ಟಿಕ್ಕುತ್ತಿತ್ತು. ಅಮ್ಮ ಅಲ್ಲಿ ಪಾತ್ರೆ ಇಟ್ಟು, ಪಾತ್ರೆಯೊಳಗೊಂದು ಹಳೆಯ ಬಟ್ಟೆ ಹಾಕುತ್ತಿದ್ದಳು. ಹನಿ ಬೀಳುವ ಸದ್ದು ಮೇಲಕ್ಕೆ ಕೇಳಿಸಬಾರದೆಂದು. ‘ರಿಪೇರಿ ಮಾಡಿಸ್ಬೇಕು, ಖಾಲಿ ಮಾಡಿ ಅಂದ್ಬಿಟ್ರೆ?’ ಎಂಬುದು ಅವಳ ಹೆದರಿಕೆ. “ಎಲ್ಲಾ ಚೆನ್ನಾಗಿದೆ ರಾಯರೇ,” ಎನ್ನುತ್ತಿದ್ದಳು, ಅರ್ಧ ಬಾಗಿಲಿನಿಂದಲೇ.

ಹೊಸ ಮನೆಗೆ ಕಾಲಿಡುವುದಕ್ಕೆ ನಮ್ಮಲ್ಲಿ ಮನೆಯೊಕ್ಕಲು ಎಂದು ಎಷ್ಟು ಚೆಂದದ ಹೆಸರಿದೆ. ಹೊರಗಟ್ಟುವುದಕ್ಕೂ ಅದೇ ಬೇರಿನಿಂದ ಒಕ್ಕಲೆಬ್ಬಿಸುವುದು ಎನ್ನುತ್ತೇವೆ. ಎರಡಕ್ಕೂ ನಡುವೆ ಇರುವುದು ಮಾಲೀಕನ ಒಂದು ಮಾತು ಅಷ್ಟೇ. ಆ ಮಾತನ್ನು ಆಡುವ ಯೋಚನೆ ನನಗಿಲ್ಲ ಎಂಬುದು ನನಗೆ ಗೊತ್ತಿತ್ತು. ಆಕೆಗೆ ಅದನ್ನು ಹೇಳಬೇಕೆಂದು ಮಾತ್ರ ಹೊಳೆದಿರಲಿಲ್ಲ. ಬಿರುಕಿನ ಅಗಲವನ್ನೆಲ್ಲ ಬರೆದಿಟ್ಟುಕೊಂಡವನಿಗೆ ಮನೆಯೊಳಗಿನ ಹೆದರಿಕೆ ಕಂಡಿರಲಿಲ್ಲ.

ಸುಧಾಳಿಗೆ ಫೋನ್ ಮಾಡಿದೆ. “ನೀವು ಪಾಯ ನೋಡ್ಕೊಂಡು ನಿಂತಿರ್ಬೇಡಿ, ಮೊದ್ಲು ಆ ಅಜ್ಜೀನ ತಂಪಾಗಿರೋ ಕಡೆ ಕೂರ್ಸಿ,” ಎಂದಳು. ಕಾರಿನ ಎ.ಸಿ. ಹಾಕಿ ತಾಯಿ ಮಗಳನ್ನು ಚರ್ಚಿಗೆ ಕರೆದೊಯ್ದೆ. ಅಲ್ಲಿಯ ಅಜ್ಜಿಯರು ನನ್ನನ್ನು ನೋಡಿದ ನೋಟವನ್ನು ವರ್ಣಿಸುವುದಿಲ್ಲ. ಅದಕ್ಕೆ ನಾನು ಅರ್ಹನಾಗಿದ್ದೆ ಎಂದಷ್ಟೇ ಹೇಳುತ್ತೇನೆ. ರಿಪೇರಿಯವರು ಸೋಮವಾರಕ್ಕೆ ಮುಂಚೆ ಬರುವುದಿಲ್ಲವೆಂದರು. ಮೂರು ಅಂಗಡಿ ತಿರುಗಿ ನಾಲ್ಕನೆಯದರಲ್ಲಿ ಕಿಟಕಿಗೆ ಕೂರಿಸುವ ಎ.ಸಿ. ಒಂದು ಸಿಕ್ಕಿತು. ಸುಧಾ ಬಂದು ಒಂದು ಕಡೆ ಹಿಡಿದಳು, ಲೊರೆಟಾ ಇನ್ನೊಂದು ಕಡೆ. ನಾನು ಸೂಚನೆಗಳನ್ನು ಗಟ್ಟಿಯಾಗಿ ಓದಿದೆ. ಇಪ್ಪತ್ತು ವರ್ಷ ಸಾಫ್ಟ್‌ವೇರ್ ಮಾಡಿದವನಿಂದ ಹೆಚ್ಚಿನದನ್ನು ಯಾರೂ ನಿರೀಕ್ಷಿಸಲಿಲ್ಲ. ಸಂಜೆ ತಣ್ಣನೆಯ ಗಾಳಿ ಬಂದಾಗ ಅಜ್ಜಿ ಮಂಚದ ಮೇಲೆ ಕಾಲು ಚಾಚಿ, ಸುಧಾಳ ಕೈ ಹಿಡಿದು, “ಕೆಲಸ ಮಾಡೋರು ನೀವಿಬ್ಬರು. ಅವನು ಓದೋನು,” ಎಂದರು.

ಸೋಮವಾರ ಎ.ಸಿ. ಸರಿಹೋಯಿತು. ಮಂಗಳವಾರ ಎರಡು ವರ್ಷದ ಹೊಸ ಲೀಸ್ ಒಯ್ದೆ. ಲೊರೆಟಾ ಪ್ರತಿ ಪುಟವನ್ನೂ ನಿಧಾನವಾಗಿ ಓದಿದರು. ಕೊನೆಗೆ ಪೆನ್ನು ತೆಗೆದುಕೊಂಡು, “ನಾನೂ ಒಂದು ಮಾತು ಸೇರಿಸಬಹುದಾ?” ಎಂದರು. ಬರೆದದ್ದು ಇಷ್ಟೇ: ಮಾಲೀಕರು ಬರುವ ಹಿಂದಿನ ದಿನ ಫೋನ್ ಮಾಡತಕ್ಕದ್ದು. ನಾನು ಪಕ್ಕದಲ್ಲಿ ಸಹಿ ಹಾಕಿದೆ. ಶನಿವಾರಗಳನ್ನು ಏನು ಮಾಡುವುದೆಂಬ ಚಿಂತೆ ಆಗಲೇ ಶುರುವಾಗಿತ್ತು.

ಮನೆ ಕೊಳ್ಳಬೇಕೆಂದಿರುವ ಹೊಸಬರು ಈಗ ನನ್ನನ್ನೂ ಉಪದೇಶ ಕೇಳುತ್ತಾರೆ. ಚಾವಣಿ, ಪಾಯ, ಎ.ಸಿ. ನೋಡಿ ಎನ್ನುತ್ತೇನೆ. ಅಷ್ಟು ಹೇಳಿದರೆ ಅವರಿಗೆ ಸಮಾಧಾನ. ಮಿಕ್ಕದ್ದನ್ನು ಹೇಳಿದರೆ ಉಪದೇಶವಾಗುವುದಿಲ್ಲ, ಕಥೆಯಾಗುತ್ತದೆ.

ಆ ಚಳಿಗಾಲದಲ್ಲಿ ಒಂದು ದಿನ, ಆಫೀಸಿನ ಮೀಟಿಂಗಿನ ನಡುವೆ ಫೋನ್ ಬಂತು. ಹೊರಗೆ ಓಡಿಬಂದು ಎತ್ತಿದೆ. ಲೊರೆಟಾ ಪೀಠಿಕೆಯಿಲ್ಲದೆ ಶುರುಮಾಡಿದರು. ಕಪಾಟಿನ ಬಾಗಿಲು ಕಿರುಗುಟ್ಟುತ್ತದೆ. ಬಚ್ಚಲಿನ ಗೋಡೆಯ ಬಣ್ಣ ಅವರಿಗೆ ಮೊದಲಿನಿಂದಲೂ ಸೇರುವುದಿಲ್ಲ. “ಮತ್ತೆ ನನ್ನ ಅಡುಗೆಮನೆಗೆ ಇನ್ನೊಂದು ದೀಪ ಬೇಕೇ ಬೇಕು, ಮಿಸ್ಟರ್ ಮೂರ್ತಿ. ಎಷ್ಟು ದಿನ ಅಂತ ಸಹಿಸ್ಕೊಳ್ಳೋದು?”

ಸಂಜೆ ಸುಧಾಳಿಗೆ ಹೇಳಿದೆ. “ಮೂರು ಕಂಪ್ಲೇಂಟಾ? ಮತ್ತೆ ನೀವ್ಯಾಕೆ ಹೀಗೆ ಹಲ್ಲು ಬಿಡ್ತಾ ಇದೀರಿ?” ಎಂದಳು.

ಹೊರಟುಹೋಗುವವರು ಬಚ್ಚಲಿನ ಬಣ್ಣದ ಬಗ್ಗೆ ಜಗಳವಾಡುವುದಿಲ್ಲ. ಇಬ್ಬರೂ ಬಣ್ಣದ ಅಂಗಡಿಗೆ ಹೊರಟೆವು. ಯಾವ ಬಣ್ಣವೆಂದು ಕೇಳಿರಲಿಲ್ಲ. ದಾರಿಯಲ್ಲಿ ಫೋನ್ ಮಾಡಿದೆ.