ಗನ್ನಪ್ಪನ ತಿರುವು

ಕೆಂಪು ಸ್ಪೋರ್ಟ್ಸ್ ಕಾರು ಅಂಗಡಿಯ ಮುಂದೆ ಬಂದು ನಿಂತಾಗ ವೈರಕ್ಕನಿಗೆ ಆಗಲೇ ಪಿತ್ತ ನೆತ್ತಿಗೇರಿತ್ತು. ಕಾರಿನ ಮೇಲಿನ ಸಿಟ್ಟಲ್ಲ ಅದು. ಹಿಂದಿನ ದಿನ ಅಪ್ಪ ಅರ್ಧ ಊಟಕ್ಕೇ ಕೈ ತೊಳೆದು ಎದ್ದುಹೋಗಿದ್ದರು.

ಅಪ್ಪ ಸಂಚಾರ ಪೊಲೀಸ್ ಪೇದೆ. ಆಸ್ಪತ್ರೆಯ ಗೇಟಿನ ಹತ್ತಿರ ರಸ್ತೆ ಬಾಗುವ ಜಾಗದಲ್ಲಿ, ವೇಗ ಅಳೆಯುವ ಗನ್ ಹಿಡಿದು ನಿಲ್ಲುವುದು ಅವರ ಕೆಲಸ. ಎಷ್ಟು ಕಾಲದಿಂದ ನಿಂತಿದ್ದಾರೆಂದರೆ, ಆ ಜಾಗಕ್ಕೆ ಬೇರೆ ಹೆಸರಿತ್ತೆಂಬುದೇ ಜನಕ್ಕೆ ಮರೆತುಹೋಗಿ ಈಗ ಎಲ್ಲರ ಬಾಯಲ್ಲೂ ಅದು ಗನ್ನಪ್ಪನ ತಿರುವು. ಅಪ್ಪನೇ ಆ ಗನ್ನಪ್ಪ; ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ತಪ್ಪು ಮಾಡಿದವನಿಗೆ ಮುಲಾಜಿಲ್ಲದೆ ದಂಡ ಹಾಕುತ್ತಿದ್ದರು. ನಿಧಾನವಾಗಿ ಬಂದವನಿಗೆ ಅಷ್ಟೇ ಮುಲಾಜಿಲ್ಲದೆ, ಶಹಬ್ಬಾಸ್ ಎನ್ನುವ ಹಾಗೆ ಕೈ ಎತ್ತುತ್ತಿದ್ದರು. ‘ದಂಡ ಬರೆಯೋ ಕೈಗೆ ಹೊಗಳೋಕೂ ಬರಬೇಕು’ ಎನ್ನುವುದು ಅವರ ಮಾತು.

ಈಚೆಗೆ ಎರಡು ವರ್ಷದಿಂದ ಅವರ ಉತ್ಸಾಹ ಹೇಳತೀರದು. ಊಟಕ್ಕೆ ಕೂತರೆ ಅದೇ ಸುದ್ದಿ. “ಜನಕ್ಕೆ ಬುದ್ಧಿ ಬಂದಿದೆ ಕಣೇ. ದೊಡ್ಡ ದೊಡ್ಡ ಕಾರಿನೋರು ಕೂಡ ನಾನು ಕಣ್ಣಿಗೆ ಬೀಳೋಕೆ ಮುಂಚೆನೇ ನಿಧಾನ ಮಾಡ್ತಾರೆ. ಮೊದಲೆಲ್ಲ ಹೀಗಿತ್ತಾ?”

“ನಿಮ್ಮ ಮೀಸೆ ಅಷ್ಟು ದೂರಕ್ಕೆ ಕಾಣಿಸುತ್ತೇನೋ,” ಎಂದು ಅಮ್ಮ ಛೇಡಿಸುತ್ತಿದ್ದಳು. ವೈರಕ್ಕ ಮಾತ್ರ ತಟ್ಟೆಯಿಂದ ತಲೆ ಎತ್ತುತ್ತಿರಲಿಲ್ಲ.

ಯಾಕೆಂದರೆ ಆ ಬುದ್ಧಿ ಎಲ್ಲಿಂದ ಬರುತ್ತಿದೆ ಎಂದು ಅವಳಿಗೆ ಗೊತ್ತಿತ್ತು. ಅವಳ ಅಂಗಡಿಯಿಂದಲೇ ಬರುತ್ತಿತ್ತು.

ಕಾರುಗಳ ವೈರಿಂಗ್ ಅವಳ ಕಸುಬು. ಹಾರ್ನ್, ಹೆಡ್‌ಲೈಟ್, ಸುಟ್ಟ ಫ್ಯೂಸು. ಅಪ್ಪನಿಗೆ ಗೊತ್ತಿದ್ದದ್ದು ಅಷ್ಟೇ. ಗೊತ್ತಿಲ್ಲದ್ದು ರೇಡಾರ್ ಡಿಟೆಕ್ಟರ್. ಅದೊಂದು ಸಣ್ಣ ಡಬ್ಬಿ. ಪೊಲೀಸರ ಗನ್ನಿನಿಂದ ಹೊರಟ ಅಲೆ ಮುಂದಿನ ಗಾಡಿಗೆ ಬಡಿದು ಚದುರುವಾಗಲೇ ಹಿಂದಿನ ಗಾಡಿಯ ಡಬ್ಬಿ ಅದನ್ನು ಕೇಳಿಸಿಕೊಂಡು ಕೂಗುತ್ತದೆ. ಚಾಲಕ ಬ್ರೇಕ್ ಒತ್ತಿ ಸಾಧು ಹಸುವಾಗುತ್ತಾನೆ. ತಿರುವು ದಾಟಿದ ಮೇಲೆ ಮತ್ತೆ ಗೂಳಿ. ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ, ಆದ್ದರಿಂದ ಕಣ್ಣಿಗೆ ಬೀಳದ ಹಾಗೆ ಕೂರಿಸಬೇಕು. ಹಾಗೆ ಕೂರಿಸುವುದರಲ್ಲಿ ವೈರಕ್ಕನ ಕೈಗೆ ಸಾಟಿಯಿರಲಿಲ್ಲ. ‘ಹೇಗೂ ಗಾಡಿ ನಿಧಾನ ಆಗುತ್ತಲ್ಲ, ಅಪ್ಪನಿಗೆ ಬೇಕಾದದ್ದೂ ಅದೇ ತಾನೇ’ ಎಂದು ತನಗೆ ತಾನೇ ಹೇಳಿಕೊಂಡಿದ್ದಳು. ಕಳ್ಳನಿಗೊಂದು ಪಿಳ್ಳೆ ನೆವ! ಪ್ರತಿ ಸಲವೂ ಕೆಲಸ ಮುಗಿಸಿ, ಗಿರಾಕಿಯ ಪಕ್ಕ ಕೂತು ಟ್ರಯಲ್ ನೋಡಲು ಹೋಗುತ್ತಿದ್ದದ್ದು ಗನ್ನಪ್ಪನ ತಿರುವಿಗೇ. ಮಗಳು ಎಂಥೆಂಥ ಕಾರಿನಲ್ಲಿ ಓಡಾಡುತ್ತಾಳೆ ಎಂದು ಅಪ್ಪ ಬೀಗುತ್ತಾ ಕೈ ಎತ್ತುತ್ತಿದ್ದರು.

ಆ ಎತ್ತಿದ ಕೈಯೇ ಈಗ ಅವರ ಕುತ್ತಿಗೆಗೆ ಬಂದಿತ್ತು.

“ನನ್ನನ್ನ ಲಂಚಕೋರ ಅಂದ್ರು ಕಣೇ,” ಎಂದರು ಅಪ್ಪ ಹಿಂದಿನ ದಿನ, ಅಮ್ಮನ ಮುಖ ನೋಡದೆ. “ನಿನ್ನ ಗನ್ನಿಗೆ ಬಡಪಾಯಿ ಸ್ಕೂಟರ್‌ನೋರು ಮಾತ್ರ ಸಿಗ್ತಾರೆ, ದುಡ್ಡಿರೋರ ಕಾರು ಒಂದೂ ಸಿಗಲ್ಲ, ಏನಯ್ಯಾ ಗುಟ್ಟು ಅಂದ್ರು ಸಾಹೇಬ್ರು. ಅವರಿಗೆ ಕೈ ಬೇರೆ ಎತ್ತುತ್ತೀಯಂತೆ, ಅದೇನು ಸನ್ನೆ ಅಂದ್ರು. ಯಾರೋ ದೊಡ್ಡ ಮನುಷ್ಯರೇ ಹೇಳಿದಾರಂತೆ, ನನಗೆ ದುಡ್ಡು ಕೊಡ್ತೀವಿ ಅಂತ. ನಾಳೆ ಸಾಹೇಬ್ರೇ ಬಂದು ನನ್ನ ಪಕ್ಕ ನಿಲ್ತಾರಂತೆ, ನನ್ನ ಕೈ ಕಾಯೋಕೆ. ಆಮೇಲೆ ಗನ್ ವಾಪಸ್ ಕೊಡಬೇಕಂತೆ.”

ಜೀವಮಾನದಲ್ಲಿ ಒಬ್ಬರ ಹತ್ತಿರ ಒಂದು ಲೋಟ ಟೀ ಕೂಡ ಬಿಟ್ಟಿ ಕುಡಿಯದ ಮನುಷ್ಯ. ವೈರಕ್ಕ ತಟ್ಟೆಯ ಅನ್ನ ಕಲಸುತ್ತಲೇ ಇದ್ದಳು. ಬಾಯಿಬಿಟ್ಟರೆ ಅಂಗಡಿಗೆ ಬೀಗ. ಬಿಡದಿದ್ದರೆ ಅಪ್ಪನ ಮಾನ ಬೀದಿಪಾಲು. ಅವಳು ಬಾಯಿಬಿಡಲಿಲ್ಲ. ಬೆಳಿಗ್ಗೆ ಎದ್ದು ಯಾವತ್ತಿನ ಹಾಗೆ ಅಂಗಡಿಯ ಷಟರ್ ಎತ್ತಿದಳು.

ಆಗ ಬಂದದ್ದು ಈ ಕೆಂಪು ಕಾರು. ಇಳಿದವನು ಹಳೆಯ ಗಿರಾಕಿ. ಅವನ ಹಿಂದಿನ ಕಾರಿಗೂ ಡಬ್ಬಿ ಕೂರಿಸಿದ್ದು ಇವಳೇ.

“ವೈರಕ್ಕ, ಹೊಸ ಗಾಡಿ. ಒಂದು ಗೀರು ಬೀಳಬಾರದು. ದೇವರು ಬಂದು ಹುಡುಕಿದ್ರೂ ಸಿಗಬಾರದು, ಆಯ್ತಾ?”

“ಆಯ್ತು ಸಾರ್,” ಎಂದಳು. ಕೈ ಅದರಷ್ಟಕ್ಕೆ ಅದು ಕೆಲಸ ಶುರುಮಾಡಿತು. ಲೋಹದ ಹಿಂದೆ ಕೂರಿಸಿದರೆ ಡಬ್ಬಿ ಕಿವುಡಾಗುತ್ತದೆ. ಅದಕ್ಕೆ ಮುಂದಿನ ಬಂಪರಿನ ಪ್ಲಾಸ್ಟಿಕ್ ಹಿಂದೆ ಕೂರಿಸಿದಳು. ವೈರಿಗೆ ಕಂಪನಿಯದೇ ವೈರಿನ ಹಾಗೆ ಕಪ್ಪು ಬಟ್ಟೆಯ ಟೇಪು ಸುತ್ತಿ, ರಬ್ಬರ್ ಬುಷ್ಷಿನ ತೂತಿನಲ್ಲಿ ಒಳಗೆಳೆದು, ಫ್ಯೂಸಿನ ಪೆಟ್ಟಿಗೆಗೆ ಸೇರಿಸಿದಳು. ಉಳಿದದ್ದು ಸ್ಟೀರಿಂಗಿನ ಕೆಳಗೆ ಅಡಗಿಸಬೇಕಾದ ಸಣ್ಣ ಸ್ಪೀಕರ್. ಕಾಲು ಸೀಟಿನ ಮೇಲೆ, ತಲೆ ಪೆಡಲುಗಳ ಹತ್ತಿರ, ಬಾಯಲ್ಲಿ ಟಾರ್ಚು. ಆ ಭಂಗಿಯಲ್ಲಿ ಅವಳು ಮಲಗಿದ್ದಾಗ ಕಾರಿನವನು ಬಾಗಿಲಿಗೆ ಒರಗಿ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದ.

“ಅಯ್ಯೋ, ಪಾರ್ಟಿಯಲ್ಲಿ ಆ ಪೊಲೀಸ್ ಸಾಹೇಬ ಕೇಳಿದ ಮಾರಾಯ, ಇಷ್ಟು ಜೋರಾಗಿ ಓಡಿಸ್ತೀಯ, ನಮ್ಮೋರಿಗೆ ಒಂದು ಸಲಾನೂ ಸಿಗಲ್ವಲ್ಲ ಅಂತ. ಡಬ್ಬಿ ವಿಷಯ ಹೇಳೋಕಾಗುತ್ತಾ? ಆಸ್ಪತ್ರೆ ಹತ್ರ ನಿಲ್ತಾನಲ್ಲ ನಿಮ್ಮ ಮುದುಕ, ಅವನ ಕೈ ಬೆಚ್ಚಗೆ ಮಾಡ್ತೀವಿ ಅಂದ್ಬಿಟ್ಟೆ. ಆ ಸಾಹೇಬನ ಮುಖ ನೋಡ್ಬೇಕಿತ್ತು ನೀನು!” ಹೊಟ್ಟೆ ಹಿಡಿದುಕೊಂಡು ನಕ್ಕ.

ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಕಥೆಯ ಕೋತಿಗಾದರೂ ಹಸಿವಿತ್ತು; ಈ ಮನುಷ್ಯನಿಗೆ ಏನು ಕಡಿಮೆಯಾಗಿತ್ತು? ಅಪ್ಪನ ಕೈ ಬೆಚ್ಚಗಿದ್ದದ್ದು ನಿಜ. ಬಿಸಿಲಲ್ಲಿ ಕಾದ ಗನ್ ಹಿಡಿದು ಹಿಡಿದು ಅಂಗೈ ಚರ್ಮ ಸುಲಿದಿತ್ತು. ವೈರಕ್ಕನಿಗೆ ಎದ್ದು ಅವನ ಕೊರಳಪಟ್ಟಿ ಹಿಡಿಯಬೇಕೆನ್ನಿಸಿತು. ಬಾಯಲ್ಲಿ ಟಾರ್ಚಿದ್ದದ್ದೇ ಅವನ ಪುಣ್ಯ. ಅವಳು ಕಚ್ಚಿದ ಹಲ್ಲಿನ ಗುರುತು ಇವತ್ತಿಗೂ ಆ ಟಾರ್ಚಿನ ಮೇಲಿದೆ.

ಸ್ಪೀಕರ್ ಕೂರಿಸಿದಳು. ಪ್ಯಾನೆಲ್ ಒತ್ತಿ ಮುಚ್ಚಿದಳು. ಎದ್ದು ಕೈ ಒರೆಸಿಕೊಂಡಳು.

“ಟ್ರಯಲ್ ನೋಡ್ಬೇಕು ಸಾರ್. ಗನ್ನಪ್ಪನ ತಿರುವಿಗೆ ಹೋಗೋಣ.”

“ಆ ಮುದುಕನ ಹತ್ರಾನೇ? ಬಾ ಬಾ!” ಅವನಿಗೆ ಖುಷಿಯೋ ಖುಷಿ.

ರಸ್ತೆಯಲ್ಲಿ ಅವನು ಕಾರು ಬಿಟ್ಟ ರಭಸಕ್ಕೆ ಅಂಗಡಿ ಮುಂಗಟ್ಟುಗಳು ಸರ್ರನೆ ಹಿಂದೆ ಸರಿದವು. ತಿರುವು ಇನ್ನೂ ಕಾಣುವ ಮೊದಲೇ ಕಾಲಡಿಯಿಂದ ಡಬ್ಬಿ ಕೀಚಲು ದನಿಯಲ್ಲಿ ಕೂಗಿತು. ಅವನು ಬ್ರೇಕ್ ಒತ್ತಿದ. “ಬಂಗಾರದಂಥ ಕೆಲಸ ಕಣಕ್ಕ ನಿಂದು!”

ತಿರುವಿನಲ್ಲಿ ಅಪ್ಪ ಗನ್ ಹಿಡಿದು ನಿಂತಿದ್ದರು. ಪಕ್ಕದಲ್ಲಿ ಸಾಹೇಬರು, ಕಳ್ಳನನ್ನು ಕಾಯುವವರ ಹಾಗೆ ಕೈ ಕಟ್ಟಿಕೊಂಡು. ಮಗಳನ್ನು ಕಂಡು ಅಪ್ಪನ ಕೈ ಅಭ್ಯಾಸದಂತೆ ಅರ್ಧ ಎದ್ದು, ಸಾಹೇಬರ ನೆನಪಾಗಿ ಕೆಳಗಿಳಿಯಿತು. ಆ ಇಳಿದ ಕೈ ನೋಡಿದವಳೇ ವೈರಕ್ಕ ಬಾಗಿಲಿನ ಹಿಡಿಗೆ ಕೈ ಹಾಕಿದಳು.

“ನಿಲ್ಲಿಸಿ ಸಾರ್. ಇಲ್ಲೇ.”

ಅವನು ಏನೆಂದು ಕೇಳುತ್ತಾ ನಿಲ್ಲಿಸಿದ. ಅವಳು ಇಳಿದು ಬಾಗಿಲನ್ನು ತೆರೆದೇ ಬಿಟ್ಟಳು.

“ಸಾಹೇಬ್ರೇ, ಸ್ವಲ್ಪ ಇಲ್ಲಿ ಬನ್ನಿ. ಅಪ್ಪಾ, ಈ ಕಾರಿನ ಕಡೆ ಗನ್ ಒತ್ತು.”

ಅಪ್ಪ ತಬ್ಬಿಬ್ಬಾಗಿ ಒತ್ತಿದರು. ಕಾರು ಕಿರುಚಿತು. ಬಿಟ್ಟರು, ಸುಮ್ಮನಾಯಿತು. ಮತ್ತೆ ಒತ್ತಿದರು, ಮತ್ತೆ ಕಿರುಚಿತು. ಸಾಹೇಬರು ಬಗ್ಗಿ ನೋಡಿದರು, ಏನೂ ಕಾಣಲಿಲ್ಲ. ವೈರಕ್ಕ ಸ್ಟೀರಿಂಗಿನ ಕೆಳಗೆ ಕೈ ತೂರಿಸಿ ಎರಡೇ ಬೆರಳಲ್ಲಿ ಪ್ಯಾನೆಲ್ ಕಿತ್ತು, ಸ್ಪೀಕರನ್ನು ವೈರಿನ ಸಮೇತ ಹೊರಗೆಳೆದಳು.

“ಅಯ್ಯೋ, ನನಗೇನೂ ಗೊತ್ತಿಲ್ಲ!” ಎಂದು ಕಾರಿನವನು ಕೂಗಿಕೊಂಡ. “ಈ ಹೆಂಗಸು ನನ್ನ ಗಾಡೀಲಿ ಏನೋ ಇಟ್ಟಿದಾಳೆ!”

“ಹೌದು, ನಾನೇ ಇಟ್ಟಿದ್ದು. ನಿಮ್ಮ ಹಳೇ ಕಾರಿಗೂ ನಾನೇ ಇಟ್ಟಿದ್ದು. ಈ ಊರಲ್ಲಿ ನಿಮ್ಮಂಥೋರು ಇನ್ನೂ ಬೇಕಾದಷ್ಟು ಜನ ಇದಾರೆ, ಅವರಿಗೂ ನಾನೇ ಇಟ್ಟಿದ್ದು,” ಎಂದಳು ವೈರಕ್ಕ. ದನಿ ಆಸ್ಪತ್ರೆಯ ಗೇಟಿನವರೆಗೂ ಕೇಳಿಸಿತು. “ಇವರು ನಮ್ಮಪ್ಪ. ಇವರ ಕೈ ಬೆಚ್ಚಗೆ ಮಾಡಿದ್ದು ಯಾವತ್ತು ಸಾರ್? ಫೋನಲ್ಲಿ ನಗ್ತಾ ಹೇಳಿದ್ರಲ್ಲ, ಈಗ ಸಾಹೇಬ್ರ ಎದುರಿಗೆ ಹೇಳಿ!”

ಸಾಹೇಬರು ಕಾರಿನವನನ್ನು ಗುರುತು ಹಿಡಿದರು. ಪಾರ್ಟಿಯ ಸ್ನೇಹಿತ! ಅವರ ಮುಖ ಕಾರಿನ ಬಣ್ಣಕ್ಕೆ ತಿರುಗಿತು. “ಗಾಡಿ ಪಕ್ಕಕ್ಕೆ ಹಾಕ್ರೀ. ಪೇಪರ್ಸ್ ತೆಗೀರಿ,” ಎಂದು ಗದರಿದರು. ಆಮೇಲೆ ಇವಳ ಕಡೆ ತಿರುಗಿ, “ನಿಮ್ಮ ಅಂಗಡಿಗೂ ಬರಬೇಕಾಗುತ್ತಮ್ಮ,” ಎಂದರು.

“ಬನ್ನಿ.”

ಅಪ್ಪನಿಗೆ ಅವರು ತಪ್ಪಾಯಿತು ಎನ್ನಲಿಲ್ಲ. “ಗನ್ ನೀವೇ ಇಟ್ಕೊಳ್ಳಿ,” ಎಂದಷ್ಟೇ ಹೇಳಿ ಕಾರಿನ ಹಿಂದೆ ಹೋದರು. ನಿನ್ನೆಯ ‘ನೀನು’ ಇವತ್ತು ‘ನೀವು’ ಆಗಿತ್ತು. ಮಾನಕ್ಕೆ ಕೊಟ್ಟ ಬೆಲೆ ಅಷ್ಟೇ.

ಅಪ್ಪ ಬೈಯುತ್ತಾರೆಂದು ವೈರಕ್ಕ ಕಾದಳು. ಕೆನ್ನೆಗೆ ಒಂದು ಬಿಟ್ಟರೂ ಸರಿಯೆಂದು ಕಾದಳು. ಅವರು ಸ್ಪೀಕರನ್ನು ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದರು.

“ಎಷ್ಟು ದಿನದಿಂದ ಹಾಕ್ತಿದೀಯ?”

“ಎರಡು ವರ್ಷ ಆಯ್ತಪ್ಪ.”

“ಎರಡು ವರ್ಷ,” ಎಂದರು ಅಪ್ಪ. “ಹಾಗಾದ್ರೆ ಅವರೆಲ್ಲ ನಿಧಾನ ಮಾಡ್ತಿದ್ದದ್ದು ಇದರ ಕೂಗಿಗಾ? ನಾನು ಜನಕ್ಕೆ ಬುದ್ಧಿ ಬಂತು ಅಂದ್ಕೊಂಡಿದ್ದೆ ಕಣಮ್ಮ.”

ಲಂಚಕೋರ ಎಂಬ ಮಾತನ್ನು ವೈರಕ್ಕ ಅಪ್ಪನ ಮೈಯಿಂದ ಒರೆಸಿದ್ದಳು, ಅದರ ಜೊತೆಗೇ ಇನ್ನೇನನ್ನೋ ಕಿತ್ತುಕೊಂಡಿದ್ದಳು.

ಅಷ್ಟರಲ್ಲಿ ಒಂದು ಬಿಳಿ ಕಾರು ತಿರುವಿನಲ್ಲಿ ಕಾಣಿಸಿತು. ನಿಧಾನವಾಗಿ, ಮರ್ಯಾದೆಯಿಂದ ಬಂತು. ಓಡಿಸುತ್ತಿದ್ದ ಹೆಂಗಸು ಗನ್ನಪ್ಪನನ್ನು ಕಂಡು ನಕ್ಕು, ತಾನೇ ಮೊದಲು ಕೈ ಎತ್ತಿದಳು. ಆ ಕಾರಿನಲ್ಲಿ ಡಬ್ಬಿ ಇರಲಿಲ್ಲ. ಅದರ ಹಾರ್ನ್ ರಿಪೇರಿ ಮಾಡಿದ್ದ ವೈರಕ್ಕನಿಗೆ ಅದು ಗೊತ್ತಿತ್ತು. ಅಪ್ಪನಿಗೆ ಗೊತ್ತಿರಲಿಲ್ಲ. ಅವರು ಕೈ ಎತ್ತಲಿಲ್ಲ. ಒಳಗೆ ಏನಾದರೂ ಕೂಗುತ್ತಿದೆಯೇನೋ ಎಂದು, ಕಾರು ದಾಟಿಹೋಗುವ ತನಕ, ತಲೆ ವಾಲಿಸಿ ಕಿವಿಗೊಟ್ಟು ನಿಂತಿದ್ದರು.