ಭಾವ ಮನೆಯಲ್ಲೇ ಕುಟ್ಟಿದ ಥೈರಾಯ್ಡ್ ಪುಡಿ

ಮಾತ್ರೆಯನ್ನು ಕುರಿಯ ಗಂಟಲಿನ ಗ್ರಂಥಿಯಿಂದ ಮಾಡುತ್ತಾರೆ ಅಂತ ಡಾಕ್ಟರು ಹೇಳಿದ ಕೂಡಲೇ ನಮ್ಮ ಭಾವನ ಮುಖ ಅರಳಿತು.

"ಕುರೀದೇನ್ರೀ? ಅಷ್ಟೇನಾ? ನಮ್ ಹಟ್ಟಿ ತುಂಬಾ ಅವೇ ಅದಾವಲ್ರೀ!"

ಡಾಕ್ಟರು ನಕ್ಕರು. ನಾನೂ ನಕ್ಕೆ. ಬೆಂಚಿನ ಮೇಲೆ ಕಂಬಳಿ ಹೊದ್ದು ಕೂತಿದ್ದ ನಮ್ಮಕ್ಕ ಹಾಲಮ್ಮನೂ ನಗೋಕೆ ನೋಡಿದಳು, ಪಾಪ...

ಐವತ್ತೆಂಟೋ ಐವತ್ತೊಂಬತ್ತೋ ಇಸವಿ. ಆ ಡಾಕ್ಟರು ಇದ್ದದ್ದು ಶಿಕಾರಿಪುರದಲ್ಲಿ. ಅಕ್ಕನನ್ನು ಕೊಟ್ಟಿದ್ದು ಸೊರಬದ ಕಡೆ, ಚಂದ್ರಗುತ್ತಿ ಹತ್ತಿರದ ಹಳ್ಳಿಗೆ. ಸ್ವಲ್ಪ ಗದ್ದೆ, ಒಂದು ಹಿಂಡು ಕುರಿ.

ಎರಡನೇ ಹೆರಿಗೆ ಆದ ಮೇಲೆ ಅಕ್ಕ ಮೊದಲಿನ ಅಕ್ಕನಾಗಿ ಉಳಿದಿರಲಿಲ್ಲ. ಮುಖ ಊದಿತ್ತು, ದನಿ ಗೊಗ್ಗರಾಗಿತ್ತು, ಬೇಸಿಗೆಯಲ್ಲೂ ಚಳಿ ಚಳಿ ಅನ್ನೋಳು. ಒಂದು ಕೊಡ ನೀರು ತಂದರೆ ಅರ್ಧ ದಿನ ಗೋಡೆಗೆ ಒರಗಿ ಕೂರೋಳು.

ಅವಳ ಅತ್ತೆ ಮೊದಲು ಸೋಮಾರಿ ಅಂತ ಬೈದರು. ಆಮೇಲೆ ಯಾರೋ ಮಾಟ ಮಾಡಿಸಿದ್ದಾರೆ ಅಂತ ತಾಯಿತ ಕಟ್ಟಿಸಿದರು. ಭಾವ ಬೀರಪ್ಪ ಮಾತ್ರ ಒಂದು ದಿನವೂ ಬೈಯಲಿಲ್ಲ. ಬಸ್ಸು ಹತ್ತಿಸಿ ಶಿಕಾರಿಪುರದ ತನಕ ಕರೆದುಕೊಂಡು ಬಂದವನು ಅವನೇ.

ಡಾಕ್ಟರು ನೋಡಿದ ಕೂಡಲೇ ಗುರುತು ಹಿಡಿದರು, ಗಂಟಲಿನ ಗ್ರಂಥಿ ಸರಿಯಾಗಿ ಕೆಲಸ ಮಾಡ್ತಿಲ್ಲ ಅಂತ. ಥೈರಾಯ್ಡ್. ದಿನಾ ಬೆಳಿಗ್ಗೆ ಅರ್ಧ ಮಾತ್ರೆ, ಆಮೇಲೆ ನಿಧಾನಕ್ಕೆ ಜಾಸ್ತಿ ಮಾಡೋಣ, ಬಿಡೋ ಹಾಗಿಲ್ಲ ಅಂದರು. ಆ ಕುರಿಯ ಮಾತು ಬಿಟ್ಟರೆ ಹೇಳಿದ್ದು ಅಷ್ಟೇ. ಹೊರಗೆ ಅಷ್ಟೊಂದು ಜನ ಕಾಯುತ್ತಿದ್ದರು, ಅವರಾದರೂ ಎಷ್ಟು ಅಂತ ಹೇಳ್ತಾರೆ.

ಆ ಅರ್ಧ ಮಾತ್ರೆಗೇ ಅಕ್ಕ ಸ್ವಲ್ಪ ಸ್ವಲ್ಪ ಚೇತರಿಸಿಕೊಂಡಳು. ತಲೆ ಬಾಚಿಕೊಂಡಳು, ಮಗುವನ್ನು ಎತ್ತಿಕೊಂಡಳು.

ಅಷ್ಟರಲ್ಲಿ ಮಾತ್ರೆ ಖಾಲಿ. ಶಿರಾಳಕೊಪ್ಪದ ಅಂಗಡೀಲಿ ಕೇಳಿದರೆ ಶಿವಮೊಗ್ಗದಿಂದ ಬರಬೇಕು ಅಂದರು. ಮುಂದಿನ ವಾರ, ಅದರ ಮುಂದಿನ ವಾರ... ಅಕ್ಕ ಮತ್ತೆ ಕಂಬಳಿಯೊಳಗೆ ಸೇರಿದಳು.

ಭಾವನಾದರೂ ಎಷ್ಟು ದಿನ ಅಂತ ನೋಡ್ತಾನೆ? ಸಂತೆಗೆ ಕುರಿ ಹೊಡೆದುಕೊಂಡು ಹೋದವನು ಕಟುಕರ ಹತ್ತಿರ ಕೂತು, ಅವರು ಎಸೆಯೋ ಗಂಟಲಿನ ಗ್ರಂಥಿಗಳನ್ನೆಲ್ಲ ಎಲೆಯಲ್ಲಿ ಕಟ್ಟಿಸಿಕೊಂಡು ಬಂದ. ಕುರಿಯ ಮೈಯಲ್ಲಿ ಯಾವುದು ಎಲ್ಲಿದೆ ಅಂತ ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಬಿಸಿಲಲ್ಲಿ ಒಣಗಿಸಿ, ಒರಳಲ್ಲಿ ಕುಟ್ಟಿ, ಜರಡಿ ಹಿಡಿದು ಭರಣಿಗೆ ತುಂಬಿದ. ದಿನಾ ಬೆಳಿಗ್ಗೆ ಒಂದು ಚಮಚ, ಬಿಸಿನೀರಲ್ಲಿ ಕಲಸಿ.

ಅಕ್ಕನಿಗೆ ಆಸರೆಗೆ ಅಂತ ನಾನು ಆಗ ಅಲ್ಲೇ ಇದ್ದೆ. ಎಂಥ ತಲೆ ಈ ಭಾವಂದು ಅಂದುಕೊಂಡೆ!

ಯಾಕಂದ್ರೆ ಅಕ್ಕ ಎದ್ದಳು ಕಣ್ರೀ!

ಕಂಬಳಿ ಬಿಸಾಕಿದಳು. ಊತ ಇಳಿಯಿತು. ಹಿಟ್ಟು ಬೀಸುತ್ತಾ ಪದ ಹೇಳ್ತಿದ್ದಾಳೆ, ಅತ್ತೆಗೇ ಎದುರು ಮಾತಾಡ್ತಿದ್ದಾಳೆ, ಗಂಡನನ್ನು "ಏನ್ರೀ ಡಾಕ್ಟ್ರೇ" ಅಂತ ಚುಡಾಯಿಸ್ತಿದ್ದಾಳೆ. ಅವನೋ, ನಾಚಿಕೊಂಡು ಹಟ್ಟಿ ಕಡೆ ಹೋಗಿಬಿಡ್ತಾನೆ.

ಆಮೇಲೆ ಅವಳ ನಿದ್ದೆ ಹೋಯಿತು. ಕೈ ನಡುಗೋಕೆ ಶುರುವಾಯಿತು, ಸುಮ್ಮನೆ ಕೂತರೂ ಬೆವರು.

ನನ್ನ ಕೈ ಹಿಡಿದು ಎದೆ ಮೇಲೆ ಇಟ್ಟುಕೊಂಡು, "ನೋಡೇ ಗೌರಿ, ಹೆಂಗ್ ಹೊಡ್ಕಳ್ತೈತೆ" ಅಂದಳು. ನನಗೆ ಹೆದರಿಕೆಯಾಯಿತು. ಅತ್ತೆ ಮಾತ್ರ, "ರೋಗ ಬಿಟ್ಟು ಹೋಗೋವಾಗ ಹಂಗೇ ಕಣವ್ವ, ನಡುವೆ ನಿಲ್ಲಿಸ್ಬಾರ್ದು" ಅಂದರು.

ನಿಲ್ಲಿಸಲಿಲ್ಲ.

ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಹಿತ್ತಲಲ್ಲಿ ಕುಸಿದಳು. ಸಿಕ್ಕಿದ ಬಸ್ಸಿಗೆ ಶಿಕಾರಿಪುರಕ್ಕೆ ಹೊರಟೆವು. ಶಿರಾಳಕೊಪ್ಪ ದಾಟಿದ ಮೇಲೆ, ಭಾವನ ತೊಡೆಯ ಮೇಲೇ ಹೋಗಿಬಿಟ್ಟಳು.

ಶಿಕಾರಿಪುರದಲ್ಲಿ ಇಳಿದ ಮೇಲೂ ಭಾವ ಅವಳನ್ನು ಬಿಟ್ಟು ಕದಲಲಿಲ್ಲ. ಡಾಕ್ಟರ ಮುಂದೆ ನಿಂತವಳು ನಾನೊಬ್ಬಳೇ.

ಪುಡಿಯ ವಿಷಯ ಕೇಳಿ ಅವರು ಕುರ್ಚಿಯಿಂದ ಎದ್ದೇಬಿಟ್ಟರು. "ಚಮಚಾನಾ? ಅಯ್ಯೋ ದೇವರೇ, ಎಷ್ಟೋ ಮಾತ್ರೆ ಒಟ್ಟಿಗೆ ನುಂಗಿದ ಹಾಗಾಯ್ತಲ್ಲ... ವರ್ಷಗಟ್ಟಲೆ ನಿಧಾನಕ್ಕೆ ಬಡ್ಕೊಂಡ ಹೃದಯ ಅಮ್ಮಾ ಅದು. ಒಂದೇ ಸಲಕ್ಕೆ ಓಡಿಸಿದ್ರೆ ತಡಕೊಳ್ಳುತ್ತಾ? ಅದಕ್ಕೇ ಅಲ್ವಾ ನಾನು ಅರ್ಧ ಮಾತ್ರೆ ಅಂದಿದ್ದು!"

"ಅದಕ್ಕೇ ಅಂತ ನೀವು ಹೇಳ್ಲಿಲ್ಲಲ್ರೀ ಸಾರ್" ಅಂದೆ. ಸಿಟ್ಟಿನಿಂದಲೇ ಅಂದೆ.

ಭಾವನಿಗೆ ನಾನು ಏನೂ ಹೇಳಲಿಲ್ಲ. ಯಾವ ಬಾಯಲ್ಲಿ ಹೇಳೋದು?

ತಿಥಿ ಮುಗಿದ ಮಾರನೇ ದಿನ ನೋಡ್ತೀನಿ, ಭರಣಿ ಹಿಡಿದುಕೊಂಡು ಹೊರಟಿದ್ದಾನೆ. ಕೆಳಗಿನ ಕೇರಿಯ ಒಬ್ಬ ಹುಡುಗಿಗೂ ಹಾಗೇ ಮುಖ ಊದಿದೆಯಂತೆ, ಯಾವಾಗಲೂ ಚಳಿ ಅಂತಾಳಂತೆ.

"ಹಾಲಮ್ಮನ ಹೆಸ್ರಲ್ಲಿ ಆ ಕೂಸಾದ್ರೂ ಬದುಕ್ಲಿ ಗೌರಿ. ಇವ್ಳಿಗೆ ನಾ ಕೊಟ್ಟಿದ್ದೇ ತಡ ಆತು. ಮೊದ್ಲೇ ಮಾಡಿದ್ರೆ ಉಳೀತಿದ್ಲು."

ಬಾಗಿಲಿಗೆ ಅಡ್ಡ ನಿಂತು ಹೇಳಿಬಿಟ್ಟೆ. ಡಾಕ್ಟರು ಅಂದಿದ್ದೆಲ್ಲವನ್ನೂ ಹೇಳಿದೆ.

ಭಾವ ಭರಣಿಯನ್ನು ಕೆಳಗಿಟ್ಟು ಅಲ್ಲೇ ಕೂತ. ಅಳಲಿಲ್ಲ. "ನಾನೇ ಕಲಸಿ ಕುಡಿಸ್ತಿದ್ನಲ್ಲ" ಅಂದ.

ಆಮೇಲೆ ಬದುಕಿದ್ದಷ್ಟು ಕಾಲ ಅವನು ನನ್ನ ಮುಖ ನೋಡಿ ಮಾತಾಡಲಿಲ್ಲ.

ಏನೂ ಹೇಳದೆ ಆ ಪುಡಿಯನ್ನು ಕದ್ದು ಒಲೆಗೆ ಸುರಿದಿದ್ದರೆ ಆಗುತ್ತಿತ್ತಲ್ಲ ಅಂತ ಎಷ್ಟೋ ಸಲ ಅನಿಸಿದೆ. ಆದರೆ ಅವನಿಗೆ ಮತ್ತೆ ಮಾಡೋದು ಗೊತ್ತಿತ್ತು...

ನೀವಾಗಿದ್ದರೆ ಹೇಳ್ತಿದ್ರಾ?