ನನ್ನದ್ರಲ್ಲಿ ಬರ್ತಾ ಐತೆ

ಬೈರೇಶನಿಗೆ ನಮ್ಮೂರಲ್ಲಿ ಇರುವ ಹೆಸರು ಕಂಪ್ಯೂಟರ್ ಬೈರೇಶ. ದಾಬಸ್‌ಪೇಟೆಯ ಗೋದಾಮೊಂದರಲ್ಲಿ ಕೆಟ್ಟ ಕಂಪ್ಯೂಟರು, ಹಟ ಹಿಡಿದ ಪ್ರಿಂಟರು ಸರಿಮಾಡುವುದು ಅವನ ನೌಕರಿ. ವೆಬ್‌ಸೈಟ್ ಕಟ್ಟುವುದು ಚಟ. ಸೈಟ್ ಕೆಟ್ಟರೆ ಮೊದಲು ಏನು ನೋಡಬೇಕು, ಯಾವ ತೊಂದರೆಗೆ ಎಲ್ಲಿ ಉತ್ತರ ಸಿಗುತ್ತದೆ ಎಂಬುದನ್ನೆಲ್ಲ ಕನ್ನಡದಲ್ಲಿ ಬರೆದು ಇಂಟರ್‌ನೆಟ್ಟಿನಲ್ಲಿ ಒಂದು ಪುಟ ಇಟ್ಟಿದ್ದಾನೆ. ಹೊಸಕೋಟೆ, ನೆಲಮಂಗಲದ ಕಡೆ ಈ ಕೆಲಸಕ್ಕೆ ಹೊಸದಾಗಿ ಸೇರಿದವರು ಅದನ್ನೇ ನೆಚ್ಚಿಕೊಂಡಿದ್ದಾರೆ. ಅದರ ಮೊದಲ ಸಲಹೆ ಇದು: ಸೈಟ್ ಸರಿಯಿದೆ ಎನ್ನುವ ಮುಂಚೆ, ಅದನ್ನು ಎಂದೂ ತೆರೆಯದ ಇನ್ನೊಂದು ಫೋನಿನಲ್ಲಿ ತೆರೆದು ನೋಡಿ; ನಿಮ್ಮ ಫೋನು ಹಳೆಯ ಪ್ರತಿಯನ್ನು ಉಳಿಸಿಕೊಂಡು ನಿಮಗೇ ಟೋಪಿ ಹಾಕುತ್ತದೆ. ಬರೆದವನಿಗೂ ಹಾಕುತ್ತದೆ ಎಂದು ಸೇರಿಸುವುದನ್ನು ಪುಣ್ಯಾತ್ಮ ಮರೆತಿದ್ದ.

ದೊಡ್ಡಬೆಳವಂಗಲದ ಪಕ್ಕದ ನಮ್ಮೂರಲ್ಲಿ ಸೇವಂತಿಗೆ ಬೆಳೆಯುವವರೇ ಹೆಚ್ಚು. ಸಂಜೆ ಹಾಲಿನ ಡೈರಿ ಮುಂದಿನಿಂದ ಹೂವಿನ ಟೆಂಪೋ ಬೆಂಗಳೂರಿಗೆ ಹೊರಡುತ್ತದೆ. ಅದರಲ್ಲಿ ಜಾಗಕ್ಕಾಗಿ ಮೊದಲು ದಿನಾ ಜಗಳ. ಬೈರೇಶ ಒಂದು ಸೈಟ್ ಮಾಡಿಕೊಟ್ಟ. ಮಧ್ಯಾಹ್ನವೇ ಫೋನಿನಲ್ಲಿ ಗುಂಡಿ ಒತ್ತಿ ಚೀಲಕ್ಕೆ ಜಾಗ ಹಿಡಿಯಬೇಕು; ಹಿಡಿಯದವರ ಚೀಲ ಟೆಂಪೋ ಏರುವುದಿಲ್ಲ. ಜಗಳ ನಿಂತಿತು, ಬೈರೇಶನಿಗೆ ಜಂಬ ಶುರುವಾಯಿತು.

ಒಂದು ಸಂಜೆ ಮುನಿಗಂಗಮ್ಮನ ಚೀಲಗಳಿಗೆ ಜಾಗವಿರಲಿಲ್ಲ. ಗಂಡ ಹೋದ ಮೇಲೆ ಹೂವಿನ ತೋಟವನ್ನು ಒಬ್ಬಳೇ ನೋಡಿಕೊಂಡು ಬಂದ ಹೆಂಗಸು. ಹಳೆಯ ಫೋನು ನೀರಿನ ತೊಟ್ಟಿಗೆ ಬಿದ್ದು, ಆಗಷ್ಟೇ ಹೊಸದು ತಂದಿದ್ದಳು. ಎಷ್ಟು ಒತ್ತಿದರೂ ಗುಂಡಿ ಕೇಳಲಿಲ್ಲ ಎಂದು ಹೇಳಿ ಫೋನನ್ನು ಮುಂದೆ ಹಿಡಿದಳು. ಬೈರೇಶ ಅದನ್ನು ಮುಟ್ಟಲೂ ಇಲ್ಲ. ತನ್ನ ಫೋನಿನಲ್ಲಿ ಗುಂಡಿ ಒತ್ತಿ, ಹಾಲು ಹಾಕಲು ಸಾಲು ನಿಂತವರಿಗೆಲ್ಲ ಕಾಣುವಂತೆ ಎತ್ತಿ ಹಿಡಿದ.

“ನನ್ನದ್ರಲ್ಲಿ ಬರ್ತಾ ಐತಲ್ಲ ಗಂಗಮ್ಮತ್ತೆ. ಹೊಸ ಫೋನ್ ತಗೊಂಡ್ರೆ ಸಾಕಾ, ಒತ್ತೋದೂ ಕಲೀಬೇಕು.”

ಸಾಲಿಗೆ ಸಾಲೇ ನಕ್ಕಿತು. ನಂದೇ ತಪ್ಪಿರಬೇಕು ಎಂದು ಗೊಣಗಿ ಗಂಗಮ್ಮ ಚೀಲಗಳನ್ನು ವಾಪಸ್ ಹೊತ್ತಳು. ಆ ಹೂವು ತಿಪ್ಪೆ ಸೇರಿತು. ಮಾರನೆಯ ದಿನದಿಂದ ಅವಳು ಪಕ್ಕದ ತೋಟದ ಮೂರ್ತಿಯ ಮನೆ ಬಾಗಿಲಿಗೆ ಹೋಗಿ, ಅವನ ಫೋನಿನಲ್ಲಿ ಜಾಗ ಹಿಡಿಸಿಕೊಂಡು ಬರತೊಡಗಿದಳು.

ಆ ಭಾನುವಾರ ಬೈರೇಶನ ಹೆಂಡತಿ ಮಾನಸ, ತಂಗಿಗೆ ತೋರಿಸಲೆಂದು ಮೊದಲ ಸಲ ತನ್ನ ಫೋನಿನಲ್ಲಿ ಆ ಸೈಟ್ ತೆರೆದಳು. ಒತ್ತಿದರೆ ಗುಂಡಿ ಕೇಳಲಿಲ್ಲ. ಬೈರೇಶನಿಗೆ ಗಂಗಮ್ಮನ ಫೋನು ನೆನಪಾಯಿತು. ಲ್ಯಾಪ್‌ಟಾಪ್ ತೆಗೆದು ಹುಡುಕಿದ. ಹಿಂದೆ ಒಂದು ದಿನ ಸರ್ವರ್ ಚೊಕ್ಕ ಮಾಡುವಾಗ ಬೇಡದ್ದೆಂದು ಅವನೇ ಅಳಿಸಿದ್ದ ಫೈಲಿನಿಂದಲೇ ಆ ಗುಂಡಿ ನಡೆಯಬೇಕಿತ್ತು. ಹಳಬರ ಫೋನುಗಳಲ್ಲಿ ಅದರ ಪ್ರತಿ ಉಳಿದಿದ್ದರಿಂದ ಅವರಿಗೆ ತೊಂದರೆಯಾಗಲಿಲ್ಲ, ಅವನಿಗೂ ಆಗಲಿಲ್ಲ. ಗಂಗಮ್ಮನ ಹೊಸ ಫೋನಿಗೆ ಅದು ಎಲ್ಲಿಂದ ಬರಬೇಕು?

ಫೈಲು ಮತ್ತೆ ಹಾಕುವುದು ಚಿಟಿಕೆ ಹೊಡೆಯುವಷ್ಟರ ಕೆಲಸ. ಹಾಕಿದ. ಆದರೆ ನಾಚಿಕೆಯಿಂದ ಊಟ ಸೇರಲಿಲ್ಲ. ಬೇರೆ ಫೋನಿನಲ್ಲಿ ನೋಡಿ ಎಂಬುದು ಅವನೇ ಊರಿಗೆಲ್ಲ ಹೇಳಿಕೊಟ್ಟ ಮೊದಲ ಪಾಠ. ಕಣ್ಣೆದುರು ಹಿಡಿದ ಫೋನನ್ನು ಒಮ್ಮೆ ಇಸಿದುಕೊಂಡು ನೋಡಿದ್ದರೆ ಮುಗಿಯುತ್ತಿತ್ತು.

ಬೇರೆ ಯಾರೂ ಇಲ್ಲದ ಹೊತ್ತು ನೋಡಿ ಗಂಗಮ್ಮನ ತೋಟಕ್ಕೆ ಹೋದ. ತಪ್ಪು ತನ್ನದೆಂದು ತಡವರಿಸುತ್ತ ಹೇಳಿದ. ಗಂಗಮ್ಮ ಹೂವು ಬಿಡಿಸುವುದನ್ನು ನಿಲ್ಲಿಸಲಿಲ್ಲ.

“ಅಂದಿದ್ದು ಡೈರಿ ಮುಂದೆ. ಇದನ್ಯಾಕಪ್ಪಾ ತೋಟಕ್ಕೆ ಬಂದು ಹೇಳ್ತೀಯ?”

ಸಂಜೆ ಬೈರೇಶ ಡೈರಿ ಮುಂದೆ ನಿಂತ. ಸರ್ವರು, ಹಳೆಯ ಪ್ರತಿ ಎಂದು ಏನೇನೋ ಶುರು ಮಾಡಿದ. ಯಾರಿಗೂ ತಲೆಬುಡ ತಿಳಿಯಲಿಲ್ಲ. ಹಾಗಾದರೆ ಗಂಗಮ್ಮನಿಗೆ ಒತ್ತಲು ಬರುತ್ತಿತ್ತೋ ಇಲ್ಲವೋ, ಅಷ್ಟು ಹೇಳು ಎಂದ ಮೂರ್ತಿ.

“ಬರ್ತಿತ್ತು. ಕೆಡಿಸಿದ್ದು ನಾನು. ನೋಡ್ದೇನೇ ಅವರ ಮರ್ಯಾದೆ ಕಳೆದೆ.”

ಈ ಸಲ ಸಾಲಿನಲ್ಲಿ ಯಾರೂ ನಗಲಿಲ್ಲ. ನಕ್ಕಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಗಂಗಮ್ಮ ಸೊಂಟದ ಚೀಲದಿಂದ ಫೋನ್ ತೆಗೆದು, ಅವತ್ತಿನಂತೆಯೇ ಅವನ ಮುಂದೆ ಹಿಡಿದಳು.

“ಸರಿಹೋಗೈತಾ? ಇದ್ರಲ್ಲಿ ನೋಡಿ ಹೇಳು.”

ಬೈರೇಶ ಎರಡೂ ಕೈಯಲ್ಲಿ ಅದನ್ನು ಇಸಿದುಕೊಂಡ. ತಲೆ ಎತ್ತದೆ ಗುಂಡಿ ಒತ್ತಿದ.